ತಾತನಿಗೊಂದು ಫೋನು

ಕಳೆದ ವರ್ಷ ವಿದ್ಯಾರ್ಥಿವೇತನದ ಹಣ ಕೈಸೇರಿದಾಗ, ಬಾದನಹಟ್ಟಿಯಲ್ಲಿರುವ ನಮ್ಮ ತಾತನಿಗೆ ಸ್ಪರ್ಶಪರದೆಯ ಫೋನೊಂದನ್ನು ಕೊಂಡೊಯ್ದೆನು. ದೊಡ್ಡ ಪರದೆ, ದೊಡ್ಡ ಅಕ್ಷರ. ಮಂದಗಣ್ಣಿಗೆ ಇದಕ್ಕಿಂತ ಅನುಕೂಲವೇನುಂಟು ಎಂಬುದು ನನ್ನ ತರ್ಕ. ತಿಂಗಳೊಳಗೆ ಅಜ್ಜಿಯನ್ನು ಬಳ್ಳಾರಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ರಾತ್ರಿ ಒಂಬತ್ತು ಸಲ ಕರೆದರೂ ಊರಿನಲ್ಲಿದ್ದ ತಾತ ಉತ್ತರಿಸಲಿಲ್ಲ. ಫೋನು ಅವರ ಕೈಯಲ್ಲಿಯೇ ಇದ್ದಿತು. ಒಂಬತ್ತು ಸಲವೂ ಹಸಿರು ಗುರುತನ್ನು ಒತ್ತಿದ್ದರು. ಆದರೆ ಆ ಗುರುತನ್ನು ಮೇಲಕ್ಕೆ ಸರಿಸಬೇಕಿತ್ತು! ಅಜ್ಜಿ ಹೇಗಿದ್ದಾಳೆಂದು ತಿಳಿಯದೆ ಬೆಳಗಿನವರೆಗೂ ಕಟ್ಟೆಯ ಮೇಲೆ ಕುಳಿತಿದ್ದರಂತೆ. "ಇದ್ರಾಗ ಗುಂಡೀನ ಇಲ್ಲಲ್ಲೋ, ಏನನ್ನ ಒತ್ಲಿ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಅವರದಲ್ಲವೆಂಬುದು ಆಮೇಲೆ ತಿಳಿಯಿತು. ಇಂದಿನ ಸ್ಪರ್ಶಪರದೆಯು ಒತ್ತಡವನ್ನು ಅರಿಯದು; ಬೆರಳು ತಾಕಿದಾಗ ಅಲ್ಲಿನ ವಿದ್ಯುತ್ ಸ್ಥಿತಿಯಲ್ಲಾಗುವ ಅಲ್ಪ ಬದಲಾವಣೆಯನ್ನು ಗುರುತಿಸುತ್ತದೆ. ಐವತ್ತು ವರ್ಷ ಗುದ್ದಲಿ ಹಿಡಿದು ಜಡ್ಡುಗಟ್ಟಿದ ಒಣ ಬೆರಳನ್ನು ಅದು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಗುಂಡಿಯಾದರೋ ಒತ್ತಿದಾಗ ಕೆಳಗಿಳಿಯುತ್ತದೆ. ಒತ್ತಿದ್ದೇನೆಂಬ ಅರಿವು ಬೆರಳಿಗೇ ಬರುತ್ತದೆ. 5ರ ಗುಂಡಿಯ ಮೇಲಿರುವ ಸಣ್ಣ ಉಬ್ಬನ್ನು ಗಮನಿಸಿದ್ದೀರಾ? ಕಣ್ಣಿಲ್ಲದವರೂ ಅದನ್ನು ಹಿಡಿದು ಉಳಿದ ಅಂಕಿಗಳನ್ನು ಕಂಡುಕೊಳ್ಳಬಲ್ಲರು. 2003ರಲ್ಲಿ ಬಂದ ನೋಕಿಯಾ 1100 ಎಂಬ ಫೋನಿನಲ್ಲಿ ಧೂಳು ನುಗ್ಗದ ಗುಂಡಿಗಳೂ ಒಂದು ಟಾರ್ಚೂ ಇದ್ದವು. ಜಗತ್ತಿನಲ್ಲಿ ಸುಮಾರು 25 ಕೋಟಿ ಮಾರಾಟವಾಯಿತು. ಹೊಲಕ್ಕೆ ರಾತ್ರಿ ನೀರು ಕಟ್ಟುವವರಿಗೆ ಟಾರ್ಚಿನ ಬೆಲೆಯನ್ನು ಬೇರೆ ಹೇಳಬೇಕೆ!

ಹಾಗೆಂದು ಪೆಟ್ಟಿಗೆಯಲ್ಲಿದ್ದ ಹಳೆಯ ಗುಂಡಿಫೋನನ್ನೇ ತೆಗೆದುಕೊಟ್ಟು ನಾನು ಮತ್ತೊಮ್ಮೆ ಮುಗ್ಗರಿಸಿದೆನು. ತಾತನ ಸಿಮ್ ಜಿಯೋದು. ಆ ಸಂಸ್ಥೆಗೆ 2ಜಿ ಜಾಲವೇ ಇಲ್ಲವಾದ್ದರಿಂದ 2ಜಿ ಫೋನಿನಲ್ಲಿ ಅದು ನಡೆಯದು. ಆದುದರಿಂದ ಕೊಳ್ಳುವ ಮುನ್ನ ಸಿಮ್ ಯಾವುದೆಂದು ನೋಡಿ, 4ಜಿ ಗುಂಡಿಫೋನನ್ನೇ ಕೇಳಬೇಕು. ಅಂಗಡಿಯ ನಿಶ್ಶಬ್ದದಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ಕೇಳಿಸುತ್ತದೆ. ಬಸ್‌ನಿಲ್ದಾಣದ ಗದ್ದಲದಲ್ಲಿ ಕಿವಿಗಿಟ್ಟು ನೋಡಿರಿ. ಬಳಸುವವರನ್ನೇ ಜೊತೆಗೆ ಕರೆದೊಯ್ಯುವುದು ಇನ್ನೂ ಮೇಲು. ತಾತ ನಾಲ್ಕು ಫೋನು ಹಿಡಿದು, ಅಂಗಡಿಯವನು ಹೊಗಳಿದ್ದನ್ನು ಬಿಟ್ಟು, ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿದರು. ತೆಳುವಾದದ್ದು ಅಂಗಿಯ ಜೇಬಿನಿಂದ ಕಾಲುವೆಗೆ ಜಾರೀತೆಂಬುದು ಅವರ ವಾದ, ನನಗೆ ಹೊಳೆದಿರಲಿಲ್ಲ.

ಓದುಬಾರದ ಅವರಿಗಾಗಿ 2ನ್ನು ಒತ್ತಿ ಹಿಡಿದರೆ ನನಗೂ 3ನ್ನು ಒತ್ತಿ ಹಿಡಿದರೆ ಅತ್ತೆಗೂ ಕರೆ ಹೋಗುವಂತೆ ಮಾಡಿಕೊಟ್ಟೆನು. 112ನ್ನು ಒತ್ತುವುದನ್ನೂ ಕಲಿಸಿದೆನು. ಗುಂಡಿಫೋನಿನಿಂದಲೇ ಹಣ ಕಳಿಸುವ ಯುಪಿಐ 123ಪೇ 2022ರಿಂದ ಉಂಟು. ಆದರೆ ಅಪರಿಚಿತರು ಕರೆಮಾಡಿ ಗುಪ್ತಸಂಖ್ಯೆ ಕೇಳುವ ಈ ಕಾಲದಲ್ಲಿ, ಪಿಂಚಣಿಯ ಹಣವಿರುವ ಖಾತೆಗೆ ಅದನ್ನು ಜೋಡಿಸಲು ನನಗೆ ಧೈರ್ಯ ಸಾಲಲಿಲ್ಲ.

ಈಗ ತಾತ ಕರೆಗೆ ಎರಡನೆಯ ಗಂಟೆಗೇ ಉತ್ತರಿಸುತ್ತಾರೆ. ಒಂದು ಕೊರತೆ ಮಾತ್ರ ಉಳಿದಿದೆ: ಬೆಂಗಳೂರಿನಲ್ಲಿರುವ ಮೊಮ್ಮಗಳ ಕೂಸಿನ ಮುಖವನ್ನು ಫೋನಿನಲ್ಲಿ ನೋಡಬೇಕೆಂದರೆ, ನಾನು ಊರಿಗೆ ಹೋಗುವ ಭಾನುವಾರದವರೆಗೂ ಕಾಯಬೇಕು.