ಕಳ್ಳ ಸಿಗಲಿಲ್ಲ, ಕಾವಲಿಗೆ ನಿಂತವರ ಹೊಣೆಯೇನು?

ಮನೆಗೆ ಕನ್ನ ಬಿದ್ದ ಸುದ್ದಿ ಊರಲ್ಲಿ ಹಬ್ಬಿದಾಗ ಜನರು ಎರಡು ಪ್ರಶ್ನೆ ಕೇಳುವುದು ವಾಡಿಕೆ. ಮೊದಲನೆಯದು, ಕಳ್ಳ ಯಾರು? ಎರಡನೆಯದು, ಬಾಗಿಲಿಗೆ ಅಗಳಿ ಹಾಕಿತ್ತೇ? ಕಳವಾದ ಸೊತ್ತು ಮನೆಯವರದ್ದೇ ಆದರೆ ಎರಡನೆಯ ಪ್ರಶ್ನೆ ಅಷ್ಟೇನೂ ಮುಖ್ಯವಲ್ಲ. ತಮ್ಮ ಅಜಾಗ್ರತೆಯ ಫಲವನ್ನು ತಾವೇ ಉಂಡರು ಎಂದು ಸುಮ್ಮನಾಗಬಹುದು. ಆದರೆ ನೆರೆಕರೆಯವರು ನಂಬಿ ತಂದಿಟ್ಟ ಒಡವೆಗಳು ಆ ಮನೆಯಲ್ಲಿದ್ದರೆ? ಆಗ ಎರಡನೆಯ ಪ್ರಶ್ನೆಯೇ ಮೊದಲನೆಯದಾಗುತ್ತದೆ.

ಗಣಕಯಂತ್ರಗಳ ಜಾಲದಿಂದ ಜನರ ಹೆಸರು, ವಿಳಾಸ, ಪಾಸ್‌ವರ್ಡ್‌ಗಳು ಕಳವಾದಾಗಲೂ ನಾವು ಕೇಳಬೇಕಾದ ಪ್ರಶ್ನೆ ಇದೇ. ಇದಕ್ಕೆ 2011ರ ಎಪ್ರಿಲ್ ತಿಂಗಳಲ್ಲಿ ಜಪಾನಿನ ಸೋನಿ ಕಂಪೆನಿಯ ಆಟದ ಜಾಲದಲ್ಲಿ ನಡೆದ ಕಳವಿಗಿಂತ ಸ್ಪಷ್ಟವಾದ ಉದಾಹರಣೆ ವಿರಳ. ಘಟನೆ ಹಳೆಯದಾಯಿತು, ಅದು ಎತ್ತಿದ ಪ್ರಶ್ನೆ ಮಾತ್ರ ಹಳತಾಗಿಲ್ಲ.

ಪ್ಲೇಸ್ಟೇಶನ್ ಎಂಬುದು ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟದ ಯಂತ್ರ. 2006ರಲ್ಲಿ ಸೋನಿ ಇದಕ್ಕಾಗಿ ಒಂದು ಜಾಲವನ್ನು ಆರಂಭಿಸಿತು. ಬೇರೆ ಬೇರೆ ದೇಶಗಳಲ್ಲಿರುವ ಆಟಗಾರರು ಮನೆಯಲ್ಲಿ ಕುಳಿತೇ ಒಟ್ಟಿಗೆ ಆಡಬಹುದು, ಹೊಸ ಆಟಗಳನ್ನು ಅಲ್ಲಿಯೇ ಕೊಳ್ಳಬಹುದು. ಸದಸ್ಯನಾಗಲು ಹೆಸರು, ವಿಳಾಸ, ಜನ್ಮದಿನಾಂಕ, ಇ-ಮೇಲ್ ಕೊಡಬೇಕು. ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. ಆಟ ಕೊಳ್ಳುವವರಲ್ಲಿ ಅನೇಕರು ತಮ್ಮ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನೂ ಅಲ್ಲಿ ಕೊಟ್ಟಿಡುತ್ತಿದ್ದರು. ಆಡುವವರಲ್ಲಿ ಬಹಳ ಮಂದಿ ಎಳೆಯರು. ಕಾರ್ಡು ಅವರ ತಂದೆತಾಯಿಯರದ್ದು.

2011ರ ಎಪ್ರಿಲ್ 17ರಿಂದ 19ರ ನಡುವೆ ಈ ಜಾಲದೊಳಕ್ಕೆ ಯಾರೋ ನುಗ್ಗಿದರು. 19ರಂದು ಕೆಲವು ಸರ್ವರ್‌ಗಳು ಯಾರೂ ಹೇಳದೆ ತಾವಾಗಿ ನಿಂತು ಮರಳಿ ಆರಂಭವಾದುದನ್ನು ಕಂಡು ಸಿಬ್ಬಂದಿಗೆ ಸಂಶಯ ಬಂತು. 20ರಂದು ಇಡೀ ಜಾಲವನ್ನು ಮುಚ್ಚಲಾಯಿತು. ಗಿರಾಕಿಗಳಿಗೆ ಅಂದು ಸಿಕ್ಕ ವಿವರಣೆ, ಜಾಲದ ಕೆಲವು ಭಾಗಗಳು ಕೆಲಸ ಮಾಡುತ್ತಿಲ್ಲ ಎಂಬಷ್ಟೇ. 22ರಂದು, ಹೊರಗಿನವರು ಒಳನುಗ್ಗಿದುದೇ ಕಾರಣವೆಂದು ಕಂಪೆನಿ ಒಪ್ಪಿಕೊಂಡಿತು. ಸುಮಾರು 7 ಕೋಟಿ 70 ಲಕ್ಷ ಖಾತೆಗಳ ಮಾಹಿತಿ ಕಳ್ಳರ ಕೈಸೇರಿದೆಯೆಂದು ನಂಬಲು ಕಾರಣವಿದೆ, ಕಾರ್ಡುಗಳ ವಿವರವೂ ಹೋಗಿರಬಹುದು ಎಂಬ ಮಾತು ಅದರ ಬಾಯಿಂದ ಹೊರಬಿದ್ದುದು 26ರಂದು.

ಮೇ 1ರಂದು ಟೋಕಿಯೋದಲ್ಲಿ ಸೋನಿಯ ಕಝುವೊ ಹಿರಾಯಿಯವರೂ ಇತರ ಇಬ್ಬರು ವರಿಷ್ಠರೂ ಪತ್ರಕರ್ತರ ಮುಂದೆ ತಲೆಬಾಗಿ ಕ್ಷಮೆ ಬೇಡಿದರು. ಮರುದಿನವೇ ಅದೇ ಸಂಸ್ಥೆಯ ಇನ್ನೊಂದು ಆಟದ ವಿಭಾಗದಿಂದ 2 ಕೋಟಿ 46 ಲಕ್ಷ ಖಾತೆಗಳ ಮಾಹಿತಿ ಹೋಗಿರಬಹುದೆಂಬ ಸುದ್ದಿ ಬಂತು. ಅದರಲ್ಲಿ 2007ರ ಕಾಲದ ಹಳೆಯ ಕಡತವೊಂದರಲ್ಲಿ ಉಳಿದುಕೊಂಡಿದ್ದ ಸುಮಾರು 12,700 ಕಾರ್ಡು ಸಂಖ್ಯೆಗಳೂ ಇದ್ದುವು. ಬೇಡವಾದ ಹಳೆಯ ಕಡತವನ್ನು ಅಳಿಸದೆ ಉಳಿಸಿಕೊಂಡವರು ಕಳ್ಳರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಜಾಲವು ಅಮೇರಿಕ ಮತ್ತು ಯುರೋಪಿನಲ್ಲಿ ಭಾಗಶಃ ಮರಳಿ ತೆರೆದಾಗ ಮೇ ತಿಂಗಳ ಮಧ್ಯಭಾಗ. ಇದರಿಂದಾಗುವ ವೆಚ್ಚವನ್ನು ಸೋನಿ ಆಗ 1,400 ಕೋಟಿ ಯೆನ್ ಎಂದು ಅಂದಾಜಿಸಿತು.

ಇನ್ನು ತಪ್ಪು ಯಾರದು?

ಕಳ್ಳನದು ಎಂಬುದರಲ್ಲಿ ಎರಡು ಮಾತಿಲ್ಲ. ಪರರ ಸೊತ್ತಿಗೆ ಕೈಹಾಕಿದವನು ಅಪರಾಧಿಯೇ. ನುಗ್ಗಿದವರು ಒಂದು ಸರ್ವರ್‌ನಲ್ಲಿ 'ಅನಾನಿಮಸ್' ಎಂಬ ಹೆಸರಿನ ಕಡತವೊಂದನ್ನು ಬಿಟ್ಟುಹೋಗಿದ್ದರೆಂದು ಸೋನಿ ಅಮೇರಿಕದ ಸಂಸತ್ತಿನ ಸಮಿತಿಗೆ ಬರೆದು ತಿಳಿಸಿತು. ಆ ಹೆಸರಿನ ಗುಂಪಿನವರು ಕಳವು ತಮ್ಮದಲ್ಲವೆಂದರು. ಹೆಸರನ್ನು ಯಾರು ಬೇಕಾದರೂ ಬರೆದಿಟ್ಟು ಹೋಗಬಹುದಷ್ಟೆ. ಕಳ್ಳರು ಯಾರೆಂಬುದು ಈವರೆಗೂ ಲೋಕಕ್ಕೆ ಖಚಿತವಾಗಿ ತಿಳಿದುಬಂದಿಲ್ಲ.

ಕಂಪೆನಿಯೇ ಜೇನುಗೂಡಿಗೆ ಕಲ್ಲೆಸೆಯಿತು ಎಂದವರೂ ಇದ್ದರು. ಕೊಂಡ ಯಂತ್ರದಲ್ಲಿ ಬೇರೆ ತಂತ್ರಾಂಶವನ್ನು ನಡೆಸಲು ಇದ್ದ ಸೌಕರ್ಯವನ್ನು ಸೋನಿ 2010ರಲ್ಲಿ ಹಿಂದೆಗೆದುಕೊಂಡಿತ್ತು. ಯಂತ್ರದ ಬೀಗವನ್ನು ಬಿಡಿಸಿ ರಹಸ್ಯವನ್ನು ಪ್ರಕಟಿಸಿದ ಜಾರ್ಜ್ ಹಾಟ್ಜ್ ಎಂಬ ಅಮೇರಿಕದ ತರುಣನ ಮೇಲೆ 2011ರ ಜನವರಿಯಲ್ಲಿ ದಾವೆ ಹೂಡಿತ್ತು. ಇದರಿಂದ ಕೆರಳಿದ ಗುಂಪುಗಳು ಎಪ್ರಿಲ್ ಮೊದಲಲ್ಲಿ ಸೋನಿಯ ತಾಣಗಳಿಗೆ ಏಕಕಾಲಕ್ಕೆ ಅಸಂಖ್ಯ ಕರೆಗಳನ್ನು ಕಳುಹಿಸಿ ಉಸಿರುಗಟ್ಟಿಸಿದುವು. ಆ ಗದ್ದಲದ ಮರೆಯಲ್ಲಿ ಕಳವನ್ನು ಪತ್ತೆಮಾಡುವುದು ಕಷ್ಟವಾಯಿತೆಂದು ಕಂಪೆನಿ ಹೇಳಿಕೊಂಡಿತು. ದಾವೆ ಎಪ್ರಿಲಿನಲ್ಲೇ ರಾಜಿಯಲ್ಲಿ ಮುಗಿದಿತ್ತು. ಹಾಟ್ಜ್‌ಗೂ ಕಳವಿಗೂ ಸಂಬಂಧವಿತ್ತೆಂದು ತೋರಿಸಿದವರಿಲ್ಲ. ಜಗಳ ನ್ಯಾಯದ್ದೋ ಅನ್ಯಾಯದ್ದೋ, ಆಟವಾಡಲು ಬಂದ ಹುಡುಗನಿಗೆ ಅದರಲ್ಲಿ ಪಾತ್ರವಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಇಬ್ಬರ ಹಟದ ಪೆಟ್ಟು ಮೂರನೆಯವನಿಗೆ ಬಿತ್ತು.

ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುವ ಗಿರಾಕಿಯದ್ದೇ ತಪ್ಪೆಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಒಂದು ಕಡೆ ಕಳವಾದ ಕೀಲಿಕೈಯನ್ನು ಕಳ್ಳರು ಇನ್ನೊಂದು ಕಡೆಯ ಬೀಗಕ್ಕೆ ಹಾಕಿ ನೋಡುತ್ತಾರೆ. ಆದುದರಿಂದ ಪ್ರತಿ ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಬೇಕು. ಆದರೆ ಗಿರಾಕಿ ಎಷ್ಟೇ ಜಾಣನಾದರೂ ತನ್ನ ಜನ್ಮದಿನಾಂಕವನ್ನು ಹತ್ತು ಬಗೆಯಲ್ಲಿ ಇಟ್ಟುಕೊಳ್ಳಲಾರ. ಪಾಸ್‌ವರ್ಡನ್ನು ಬದಲಿಸಬಹುದು, ಕಾರ್ಡನ್ನು ರದ್ದುಮಾಡಿಸಬಹುದು. ಹುಟ್ಟಿದ ದಿನವನ್ನು ಬದಲಿಸುವುದೆಂತು? ಅದು ಒಮ್ಮೆ ಹೊರಗೆ ಹೋದರೆ ಹೋದಂತೆಯೇ.

ಉಳಿದವರು ಕಾವಲಿಗೆ ನಿಂತವರು. ಸೋನಿಯ ಸಮಾಧಾನವೇನೆಂದರೆ, ಇದು ಅತ್ಯಂತ ಚತುರರ ಯೋಜಿತ ಕೃತ್ಯ, ತಾನೂ ಅಪರಾಧಕ್ಕೆ ಬಲಿಯಾದವನೇ ಎಂಬುದು. ಪೂರ್ಣ ಭದ್ರವಾದ ಬೀಗ ಲೋಕದಲ್ಲಿಲ್ಲ ಎಂಬುದು ನಿಜ. ಆದರೆ ಪ್ರಶ್ನೆ ಅದಲ್ಲ. ಕೈಲಾದ ಬೀಗವನ್ನಾದರೂ ಹಾಕಿತ್ತೇ ಎಂಬುದು ಪ್ರಶ್ನೆ. ಟೋಕಿಯೋದ ಆ ಪತ್ರಿಕಾಗೋಷ್ಠಿಯಲ್ಲೇ ಇದಕ್ಕೆ ಅರ್ಧ ಉತ್ತರ ಸಿಕ್ಕಿತು: ಕಳ್ಳರು ಬಳಸಿದ ದೋಷ ಲೋಕಕ್ಕೆ ತಿಳಿದಿದ್ದುದೇ; ಆದರೆ ಆಡಳಿತವರ್ಗದ ಅರಿವಿಗೆ ಬಂದಿರಲಿಲ್ಲ ಎಂದು ಕಂಪೆನಿಯವರೇ ಹೇಳಿದರು.

ಉಳಿದರ್ಧ ಬ್ರಿಟನಿನಿಂದ ಬಂತು. ಅಲ್ಲಿ ಜನರ ಖಾಸಗಿ ಮಾಹಿತಿಯ ರಕ್ಷಣೆಗೆಂದೇ ಮಾಹಿತಿ ಆಯುಕ್ತರ ಕಚೇರಿಯಿದೆ. ವಿಚಾರಣೆಯ ಬಳಿಕ 2013ರ ಜನವರಿಯಲ್ಲಿ ಅದು ಸೋನಿಯ ಯುರೋಪ್ ಶಾಖೆಗೆ 2,50,000 ಪೌಂಡ್ ದಂಡ ವಿಧಿಸಿತು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿದ್ದರೆ ದಾಳಿಯನ್ನು ತಡೆಯಬಹುದಿತ್ತು, ಪಾಸ್‌ವರ್ಡ್‌ಗಳ ರಕ್ಷಣೆಯೂ ಸಾಲದಾಗಿತ್ತು ಎಂಬುದು ಅದರ ನಿರ್ಣಯ. ಕಂಪೆನಿ ಮೊದಲು ಅಪೀಲು ಹೋಯಿತು. ಆಮೇಲೆ, ವಿಚಾರಣೆಯಲ್ಲಿ ತನ್ನ ಭದ್ರತೆಯ ಗುಟ್ಟುಗಳು ಹೊರಬೀಳಬಾರದೆಂದು ಹೇಳಿ ಅಪೀಲನ್ನು ಹಿಂದೆಗೆದುಕೊಂಡಿತು.

ಪಾಸ್‌ವರ್ಡ್‌ಗಳ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಅವುಗಳನ್ನು ಇದ್ದಂತೆಯೇ ಬರೆದಿಟ್ಟಿರಲಿಲ್ಲ, 'ಹ್ಯಾಶ್' ಎಂಬ ಕ್ರಮದಿಂದ ರೂಪ ಬದಲಿಸಿ ಇಟ್ಟಿದ್ದೆವು ಎಂದು ಸೋನಿ ಹೇಳಿತ್ತು. ಅರೆದ ಚಟ್ನಿಯಿಂದ ತೆಂಗಿನಕಾಯಿಯನ್ನು ಮರಳಿ ಪಡೆಯಲಾಗದಂತೆ, ಹ್ಯಾಶ್‌ನಿಂದ ಮೂಲಪದವನ್ನು ಮರಳಿ ಪಡೆಯಲಾಗದು. ಆದರೆ ಕಳ್ಳನು ಸುಮ್ಮನಿರುವುದಿಲ್ಲ. ಜನರು ಸಾಮಾನ್ಯವಾಗಿ ಬಳಸುವ ಪದಗಳನ್ನೆಲ್ಲ ತಾನೂ ಅದೇ ರೀತಿ ಅರೆದು, ಯಾವುದಕ್ಕೆ ಯಾವುದು ಹೋಲುತ್ತದೆಂದು ನೋಡುತ್ತಾನೆ. ವೇಗದ ಯಂತ್ರಗಳಿಗೆ ಇದು ದೊಡ್ಡ ಕೆಲಸವಲ್ಲ. ಇದನ್ನು ತಡೆಯಲು ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಮಿಶ್ರಣ ಸೇರಿಸಿ, ಅರೆಯುವ ಕೆಲಸವನ್ನೇ ಬೇಕೆಂದು ನಿಧಾನಗೊಳಿಸುವ ಉಪಾಯಗಳು 2011ಕ್ಕೆ ಬಹಳ ಮೊದಲೇ ಬಳಕೆಯಲ್ಲಿದ್ದುವು.

ನಂಬಿ ಕೊಟ್ಟ ಒಡವೆ ಕಳವಾದರೆ ಯಾರು ಕೊಡಬೇಕೆಂಬ ವ್ಯಾಜ್ಯ ನಮ್ಮಲ್ಲಿ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇದಕ್ಕೊಂದು ಪ್ರಕರಣವೇ ಇದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದನು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದ ಒಡವೆಗೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಾಗ ನಷ್ಟವಾದರೆ ಅವನೇ ತೆರಬೇಕು, ದಂಡವನ್ನೂ ಕೊಡಬೇಕು ಎಂಬುದು ಸ್ಮೃತಿಯ ನಿಯಮ. 1872ರ ಭಾರತೀಯ ಕರಾರು ಕಾಯಿದೆಯ 151ನೆಯ ಕಲಮು ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿ, ಸಾಮಾನ್ಯ ವಿವೇಕಿಯೊಬ್ಬನು ತನ್ನ ಸೊತ್ತನ್ನು ಕಾಯುವಷ್ಟು ಜಾಗ್ರತೆಯಿಂದ ಪರರ ಸೊತ್ತನ್ನು ಕಾಯಬೇಕೆಂದು ಹೇಳುತ್ತದೆ. ಹೆಸರು, ಜನ್ಮದಿನಾಂಕಗಳು ಕಾನೂನಿನ ಕಣ್ಣಿನಲ್ಲಿ ಒಡವೆಯಲ್ಲದಿರಬಹುದು. ಆದರೂ ಅಳತೆಗೋಲು ಅದೇ. ಕಳ್ಳ ಬಂದನೆಂಬುದು ಜಾಗ್ರತೆಯಿಂದಿದ್ದವನಿಗೆ ರಕ್ಷೆಯೇ ಹೊರತು ಬಾಗಿಲು ತೆರೆದಿಟ್ಟವನಿಗಲ್ಲ.

ಆದುದರಿಂದ ಕಳ್ಳನ ತಪ್ಪು, ಕಂಪೆನಿಯ ತಪ್ಪು ಎಂದು ಒಂದೇ ಹೊರೆಯನ್ನು ಇಬ್ಬರಿಗೆ ಹಂಚುವುದು ಸರಿಯಲ್ಲವೆಂದು ನಾವು ಹೇಳುತ್ತೇವೆ. ಇವು ಎರಡು ಬೇರೆ ಬೇರೆ ತಪ್ಪುಗಳು. ಒಂದರ ಭಾರ ಹೆಚ್ಚಿತೆಂದು ಇನ್ನೊಂದರದು ಕಡಿಮೆಯಾಗುವುದಿಲ್ಲ. ಕಂಪೆನಿಗೆ ಮೂರನೆಯ ತಪ್ಪೊಂದೂ ಇದೆ, ಅದು ಮೌನದ್ದು. ಆರು ದಿನಗಳ ಕಾಲ ಕೋಟ್ಯಂತರ ಜನರು ತಮ್ಮ ಪಾಸ್‌ವರ್ಡ್ ಪರರ ಕೈಯಲ್ಲಿರಬಹುದೆಂದು ಅರಿಯದೆ ಎಂದಿನಂತೆ ಇದ್ದರು. ಹಾನಿಯ ಪ್ರಮಾಣ ಖಚಿತವಾಗದೆ ಹೇಳಿದರೆ ಗಾಬರಿಯಾಗುತ್ತದೆಂಬುದು ಕಂಪೆನಿಯ ಪಕ್ಷದ ವಾದ. ಖಚಿತವಾಗದಿದ್ದರೂ 'ಸಂಶಯವಿದೆ, ಜಾಗ್ರತೆಯಿಂದಿರಿ' ಎಂಬ ಎರಡು ಮಾತು ಸಾಕಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವುದು ಒಂದು ತಪ್ಪಾದರೆ, ಸೂರೆ ಹೋದ ಸುದ್ದಿಯನ್ನು ಊರಿಗೆ ತಡವಾಗಿ ತಿಳಿಸುವುದು ಇನ್ನೊಂದು.

ಕೊನೆಗೆ ಗಿರಾಕಿಗೆ ದಕ್ಕಿದ್ದೇನು? ಜಾಲ ಮರಳಿ ತೆರೆದಾಗ ಒಂದೆರಡು ಆಟಗಳು ಪುಕ್ಕಟೆ ಸಿಕ್ಕಿದುವು. ಅಮೇರಿಕದ ಗಿರಾಕಿಗಳು ಒಟ್ಟಾಗಿ ಹೂಡಿದ ದಾವೆ 2014ರಲ್ಲಿ 1 ಕೋಟಿ 50 ಲಕ್ಷ ಡಾಲರ್‌ವರೆಗಿನ ರಾಜಿಯಲ್ಲಿ ಮುಗಿಯಿತು. ಅದರಲ್ಲೂ ಬಹುಪಾಲು ಆಟಗಳ ರೂಪದಲ್ಲಿ. ಅಷ್ಟರಲ್ಲಿ, ಕಳವು ನಡೆದ ಐದೇ ತಿಂಗಳಿಗೆ, ಸೋನಿ ತನ್ನ ಷರತ್ತುಗಳನ್ನು ತಿದ್ದಿ, ಇನ್ನು ಮುಂದೆ ಅಲ್ಲಿನ ಗಿರಾಕಿಗಳು ಹೀಗೆ ಒಟ್ಟಾಗಿ ದಾವೆ ಹೂಡಬಾರದೆಂಬ ಕಲಮನ್ನು ಸೇರಿಸಿತ್ತು. ಒಪ್ಪದವರು ಕಾಗದ ಬರೆದು ತಿಳಿಸಬೇಕಿತ್ತು. ಬ್ರಿಟನಿನ ದಂಡದ ಹಣ ಆ ದೇಶದ ಬೊಕ್ಕಸಕ್ಕೆ ಸೇರಿತು.

ಇದು ದೂರದ ಕತೆಯೆಂದು ಓದುಗರು ಭಾವಿಸಬೇಕಾಗಿಲ್ಲ. ಇಂದು ಗ್ಯಾಸು, ಬ್ಯಾಂಕು, ಆಸ್ಪತ್ರೆ, ಮಕ್ಕಳ ಆಟ ಯಾವುದಕ್ಕೂ ನಾವು ಅದೇ ಹೆಸರು, ಅದೇ ಫೋನ್ ಸಂಖ್ಯೆ, ಅದೇ ಜನ್ಮದಿನಾಂಕವನ್ನು ಬರೆದುಕೊಡುತ್ತಿದ್ದೇವೆ. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕಾರವಾಯಿತು. ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂಬ ನಿಯಮವೂ ಇದೆ. ಇದು ಸ್ವಾಗತಾರ್ಹ. ಆದರೆ ಆ ದಂಡವೂ ಭಾರತದ ಸಂಚಿತ ನಿಧಿಗೇ ಹೋಗುತ್ತದೆ. ಅಜಾಗ್ರತೆಯಿಂದ ನಷ್ಟಹೊಂದಿದವನಿಗೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿದ್ದ 43ಎ ಕಲಮನ್ನು ತೆಗೆದುಹಾಕಬೇಕೆಂದೂ ಇದೇ ಕಾಯಿದೆ ಹೇಳಿದೆ.

ಕಾವಲುಗಾರನು ತಪ್ಪಿದರೆ ಅವನಿಗೆ ಶಿಕ್ಷೆಯಾಗಬೇಕು, ಸರಿ. ಆದರೆ ಒಡವೆ ಕಳಕೊಂಡವನು ಬರಿಗೈಯಲ್ಲಿ ಮನೆಗೆ ಹೋಗುವುದು ನ್ಯಾಯವಲ್ಲ. ದಂಡದ ಒಂದು ಪಾಲಾದರೂ ಅವನಿಗೆ ಸಲ್ಲುವಂತೆ, ಇಲ್ಲವೇ ಪರಿಹಾರ ಕೇಳುವ ಸುಲಭದ ದಾರಿಯೊಂದು ಅವನಿಗೆ ಉಳಿಯುವಂತೆ ಕಾಯಿದೆಯನ್ನು ತಿದ್ದಬೇಕು. ನಮ್ಮ ಲೋಕಸಭಾ ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಈ ಮಾತನ್ನು ದಿಲ್ಲಿಯಲ್ಲಿ ಎತ್ತುವರೆಂದು ಹಾರೈಸುತ್ತೇವೆ.