ಡಕೋಟಾ ಎಂದು ಬೈಯುವ ಮುನ್ನ

ಏರುದಾರಿಯಲ್ಲಿ ಏದುಸಿರು ಬಿಡುವ ಬಸ್ಸು, ತಳ್ಳಿದರಷ್ಟೇ ಹೊರಡುವ ಕಾರು, ಊರಿಗೆಲ್ಲ ಕೇಳುವಂತೆ ಸದ್ದು ಮಾಡುವ ಸ್ಕೂಟರು. ಇವಕ್ಕೆಲ್ಲ ಕನ್ನಡದಲ್ಲಿ ಒಂದೇ ಹೆಸರು: ಡಕೋಟಾ. ‘ಡಕೋಟಾ ಎಕ್ಸ್‌ಪ್ರೆಸ್’ ಎಂಬ ಸಿನಿಮಾ ಕೂಡ ಬಂದಿದೆ. ಹೀಗೆ ಬೈಗುಳವಾಗಿಹೋದ ಈ ಹೆಸರನ್ನು ಹೊತ್ತ ವಿಮಾನವೊಂದು 2021ರ ಗಣರಾಜ್ಯೋತ್ಸವದ ದಿನ ದೆಹಲಿಯ ರಾಜಪಥದ ಮೇಲೆ ಹಾರಿ ಬಂತು. ಎಡಬಲದಲ್ಲಿ ಎರಡು ಎಂಐ-17 ಹೆಲಿಕಾಪ್ಟರುಗಳು, ನಡುವೆ ಬೆಳ್ಳಿಬಣ್ಣದ ಆ ಹಿರಿಯ. 1971ರ ಯುದ್ಧಕ್ಕೆ ಐವತ್ತು ವರ್ಷ ತುಂಬುತ್ತಿದ್ದ ಹೊತ್ತಿನಲ್ಲಿ ವಾಯುಪಡೆ ಆ ಗುಂಪಿಗೆ ‘ರುದ್ರ’ ಎಂದು ಹೆಸರಿಟ್ಟಿತ್ತು.

ಆ ವಿಮಾನದ ಹೆಸರು ಪರಶುರಾಮ. ಬಾಲದ ಮೇಲಿನ ಸಂಖ್ಯೆ ವಿಪಿ 905.

ಈ ಸಂಖ್ಯೆಯ ಹಿಂದೊಂದು ಕಥೆಯಿದೆ. 1947ರ ಅಕ್ಟೋಬರ್ 27ರ ಬೆಳಗ್ಗೆ ದೆಹಲಿಯಿಂದ ಹೊರಟ ಡಕೋಟಾಗಳು ಒಂದರ ಹಿಂದೊಂದು ಶ್ರೀನಗರದಲ್ಲಿ ಇಳಿದವು. ಒಳಗಿದ್ದವರು ಒಂದನೇ ಸಿಖ್ ಪಲ್ಟನ್ನಿನ ಸೈನಿಕರು. ಪಾಕಿಸ್ತಾನದ ಕಡೆಯಿಂದ ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರು ಬಾರಾಮುಲ್ಲಾವನ್ನು ಹೊಕ್ಕಿದ್ದರು. ಶ್ರೀನಗರದ ವಿಮಾನ ನೆಲೆ ಯಾರ ಕೈಯಲ್ಲಿದೆ ಎಂಬುದು ಹೊರಟವರಿಗೆ ಖಚಿತವಾಗಿ ತಿಳಿದಿರಲಿಲ್ಲ. ಪಲ್ಟನ್ನಿನ ನಾಯಕ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಆ ಹೋರಾಟದ ಆರಂಭದಲ್ಲೇ ಹುತಾತ್ಮರಾದರು. ಮಹಾವೀರ ಚಕ್ರ ಅವರಿಗೆ ಮರಣೋತ್ತರವಾಗಿ ಸಂದಿತು. ಭೂಸೇನೆ ಇಂದಿಗೂ ಅಕ್ಟೋಬರ್ 27ನ್ನು ಪದಾತಿ ದಿನವಾಗಿ ಆಚರಿಸುತ್ತದೆ. ಅಂದು ಶ್ರೀನಗರಕ್ಕೆ ಹೋದ ಡಕೋಟಾಗಳ ಪೈಕಿ ಒಂದರ ಸಂಖ್ಯೆ ವಿಪಿ 905. ಈಗ ಹಾರುತ್ತಿರುವುದು ಆ ವಿಮಾನವಲ್ಲ, ಅದರ ಸಂಖ್ಯೆಯನ್ನು ಹೊತ್ತ ಅದೇ ಜಾತಿಯ ಇನ್ನೊಂದು. ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಎರಡನೇ ಮಹಾಯುದ್ಧದ ಕಾಲದ ಈ ವಿಮಾನವನ್ನು ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ, ಏರ್ ಕಮಡೋರ್ ಎಂ. ಕೆ. ಚಂದ್ರಶೇಖರ್, ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕವೆಂಟ್ರಿಯಿಂದ ಹೊರಟ ವಿಮಾನ ಹಡಗೇರಲಿಲ್ಲ, ತನ್ನದೇ ರೆಕ್ಕೆಯ ಮೇಲೆ ಬಂತು. ಫ್ರಾನ್ಸ್, ಇಟಲಿ, ಗ್ರೀಸ್, ಜೋರ್ಡಾನ್, ಸೌದಿ, ಬಹ್ರೇನ್, ಒಮಾನ್‌ಗಳಲ್ಲಿ ತಂಗುತ್ತಾ ಜಾಮ್‌ನಗರದಲ್ಲಿ ನೆಲ ಮುಟ್ಟಿತು.

ಗಣರಾಜ್ಯೋತ್ಸವದ ಫ್ಲೈಪಾಸ್ಟ್ ನೋಡುವವರ ಕಣ್ಣು ಸಹಜವಾಗಿ ರಫೇಲ್, ಸುಖೋಯ್‌ಗಳತ್ತ ಹೋಗುತ್ತದೆ. ಅವು ರಾಷ್ಟ್ರಪತಿ ಭವನದ ಕಡೆಯಿಂದ ಬಂದು, ಸದ್ದು ಕಿವಿಗೆ ಬೀಳುವಷ್ಟರಲ್ಲಿ ಇಂಡಿಯಾ ಗೇಟ್ ದಾಟಿರುತ್ತವೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ಒಂದು ಕಿಲೋಮೀಟರ್ ದಾಟಲು ಸಾಕಾಗುವುದು ನಾಲ್ಕು ಸೆಕೆಂಡು. ಡಕೋಟಾ ಗಂಟೆಗೆ 250 ಕಿ.ಮೀ. ಆಸುಪಾಸಿನಲ್ಲಿ ಬರುವ ವಿಮಾನ, ಅದೇ ದೂರಕ್ಕೆ ಹದಿನಾಲ್ಕು ಸೆಕೆಂಡು ಬೇಕು. ನೋಡುವವರಿಗೆ ಈ ಹತ್ತು ಸೆಕೆಂಡು ದೊಡ್ಡ ಲಾಭ. ರೆಕ್ಕೆಯ ಮುಂಬದಿಯ ಅಂಚು ಹಿಂದಕ್ಕೆ ಬಾಗಿರುವುದು, ಹಿಂಬದಿಯ ಅಂಚು ಮಾತ್ರ ಹೆಚ್ಚುಕಡಿಮೆ ನೆಟ್ಟಗಿರುವುದು, ಮಡಚಿದ ಮೇಲೂ ಎಂಜಿನ್ನಿನ ಕೆಳಗೆ ಚಕ್ರ ಅರ್ಧ ಇಣುಕುವುದು, ಎಲ್ಲವನ್ನೂ ಬರಿಗಣ್ಣಿನಲ್ಲಿ ಗುರುತಿಸಬಹುದು. ಸದ್ದೂ ಬೇರೆ. ಜೆಟ್‌ನದು ಆಕಾಶ ಸೀಳುವ ಸದ್ದು. ಡಕೋಟಾದ್ದು ದೂರದಲ್ಲೇ ಶುರುವಾಗಿ ಮೆಲ್ಲಗೆ ಹತ್ತಿರವಾಗುವ ಗುಂಯ್‌ಗುಡುವಿಕೆ. ಎರಡು ಎಂಜಿನ್ನುಗಳು, ಒಂದೊಂದರಲ್ಲಿ ಹದಿನಾಲ್ಕು ಸಿಲಿಂಡರ್, ಒಂದೊಂದಕ್ಕೂ 1,200 ಅಶ್ವಶಕ್ತಿ. 1947ರಲ್ಲಿ ಶ್ರೀನಗರದ ಜನ ತಲೆಯೆತ್ತಿ ನೋಡಿದ್ದು ಇಂಥದೇ ಸದ್ದು ಕೇಳಿ. ಯಾವ ವಸ್ತುಸಂಗ್ರಹಾಲಯವೂ ಅದನ್ನು ಕೊಡಲಾರದು.

ಆದರೆ ನಿಧಾನದ ವಿಮಾನವನ್ನು ವೇಗದವುಗಳ ಸಾಲಿನಲ್ಲಿ ಕೂರಿಸುವುದು ಸಲೀಸಲ್ಲ. ಫ್ಲೈಪಾಸ್ಟ್‌ನ ವಿಮಾನಗಳು ಬೇರೆ ಬೇರೆ ನೆಲೆಗಳಿಂದ ಹೊರಡುತ್ತವೆ. ಪ್ರತಿ ಗುಂಪೂ ಗೌರವ ವಂದನೆಯ ವೇದಿಕೆಯ ಮೇಲೆ ಯಾವ ಕ್ಷಣಕ್ಕೆ ಬರಬೇಕೆಂಬುದು ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ನಿಗದಿ. ಎದುರುಗಾಳಿ ಗಂಟೆಗೆ 30 ಕಿ.ಮೀ. ಇದ್ದರೆ ಜೆಟ್‌ಗೆ ಅದು ಗಣನೆಗೇ ಬಾರದು, ಡಕೋಟಾಗೆ ಅದು ವೇಗದ ಎಂಟನೇ ಒಂದು ಪಾಲು. ಜೊತೆಗಾರರೂ ಅದರ ನಡಿಗೆಗೆ ಹೊಂದುವಂಥವರೇ ಆಗಬೇಕು. ಅದಕ್ಕೇ ಹೆಲಿಕಾಪ್ಟರುಗಳು, ಇಲ್ಲವೇ ಎಚ್‌ಎಎಲ್ ತಯಾರಿಸುವ ಡಾರ್ನಿಯರ್ ವಿಮಾನಗಳು. 2022ರಲ್ಲಿ ಡಕೋಟಾ ಎರಡು ಡಾರ್ನಿಯರ್‌ಗಳನ್ನು ಹಿಂದಿಟ್ಟುಕೊಂಡು ಬಂತು. ಆ ಗುಂಪಿನ ಹೆಸರು ‘ಟಾಂಗೈಲ್’. 1971ರ ಡಿಸೆಂಬರ್ 11ರಂದು ಢಾಕಾದ ವಾಯವ್ಯಕ್ಕಿರುವ ಟಾಂಗೈಲ್ ಬಳಿ ಎರಡನೇ ಪ್ಯಾರಾ ಪಲ್ಟನ್ ಆಕಾಶದಿಂದ ಧುಮುಕಿ ಪುಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡು, ಢಾಕಾದತ್ತ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಪಡೆಯ ದಾರಿ ಕಟ್ಟಿತ್ತು. ಅವರನ್ನು ಹೊತ್ತೊಯ್ದ ವಿಮಾನಗಳಲ್ಲಿ ಡಕೋಟಾಗಳೂ ಇದ್ದವು. ಐದು ದಿನಗಳಲ್ಲಿ ಢಾಕಾ ಶರಣಾಯಿತು.

ಇನ್ನೊಂದು ಚಿಂತೆ ಹದ್ದುಗಳದು. ದೆಹಲಿಯ ಆಕಾಶದಲ್ಲಿ ಅವು ವಿಪರೀತ. ಎಂಜಿನ್ನಿಗೆ ಒಂದು ಹಕ್ಕಿ ಬಡಿದರೂ ಅನಾಹುತ. ಹಾಗಾಗಿ ಗಣರಾಜ್ಯೋತ್ಸವಕ್ಕೆ ಮುಂಚಿನ ದಿನಗಳಲ್ಲಿ ನಗರದ ಕೆಲವು ಜಾಗಗಳಲ್ಲಿ ಕೋಳಿಮಾಂಸದ ತುಂಡು ಹಾಕಿ ಹದ್ದುಗಳನ್ನು ಕೆಳಮಟ್ಟದಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಹಕ್ಕಿಯೂ ಉಳಿಯುತ್ತದೆ, ವಿಮಾನವೂ ಉಳಿಯುತ್ತದೆ.

ನೆಲದ ಮೇಲಿನ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಿಲಿಂಡರುಗಳನ್ನು ವೃತ್ತಾಕಾರದಲ್ಲಿ ಜೋಡಿಸಿದ ಹಳೆಯ ಎಂಜಿನ್ ನಿಂತಿದ್ದಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ಕೂರುತ್ತದೆ. ಹಾಗೇ ಚಾಲೂ ಮಾಡಿದರೆ ಒಳಗಿನ ದಂಡ ಬಾಗಬಹುದು. ಅದಕ್ಕಾಗಿ ತಂತ್ರಜ್ಞರು ಮೊದಲು ಪ್ರೊಪೆಲರ್‌ನ ಅಲಗುಗಳನ್ನು ಕೈಯಿಂದ ಒಂದೊಂದಾಗಿ ತಿರುಗಿಸುತ್ತಾರೆ. ಜೆಟ್ ವಿಮಾನಗಳು ಸೀಮೆಎಣ್ಣೆಯ ಜಾತಿಯ ಇಂಧನ ಕುಡಿದರೆ ಇದಕ್ಕೆ ವಿಮಾನದ ಪೆಟ್ರೋಲೇ ಆಗಬೇಕು. ಚಾಲಕರಿಗೂ ಹೊಸ ಪಾಠ. ಮೂಗಿನಡಿ ಚಕ್ರವಿಲ್ಲ, ಬಾಲದಡಿ ಇದೆ. ನೆಲದ ಮೇಲೆ ವಿಮಾನ ಮೂತಿ ಎತ್ತಿಕೊಂಡೇ ಕೂರುವುದರಿಂದ ಓಡಿಸುವವರಿಗೆ ನೇರ ಮುಂದಿನ ದಾರಿ ಕಾಣದು. ಪಕ್ಕಕ್ಕೆ ನೋಡುತ್ತಾ ಸಾಗಬೇಕು. ಗಾಳಿ ಅಡ್ಡ ಬೀಸಿದರೆ ಬಾಲ ಸುತ್ತಿಕೊಳ್ಳಲು ಹವಣಿಸುತ್ತದೆ. ಕಂಪ್ಯೂಟರಿನ ನೆರವಿನಿಂದ ಹಾರಿ ರೂಢಿಯಾದ ಕೈಗಳು ಇಲ್ಲಿ ಗಾಳಿಯನ್ನು ಅಂಗೈಯಲ್ಲೇ ಅರಿಯಬೇಕು. ಹಳೆಯದನ್ನು ಗಾಜಿನ ಹಿಂದೆ ನಿಲ್ಲಿಸುವುದಕ್ಕಿಂತ ಹಾರಿಸುವುದು ಹಲವು ಪಟ್ಟು ಕಷ್ಟದ, ಖರ್ಚಿನ ಕೆಲಸ. ವಾಯುಪಡೆ ಅದನ್ನು ಮಾಡುತ್ತಿರುವುದು ಸರಿಯಾದದ್ದೇ. ಡಕೋಟಾದ ಜೊತೆ ಟೈಗರ್ ಮಾತ್, ಹಾರ್ವರ್ಡ್ ಎಂಬ ತರಬೇತಿ ವಿಮಾನಗಳನ್ನೂ ಅದು ಹೀಗೆಯೇ ಜೀವಂತ ಇಟ್ಟುಕೊಂಡಿದೆ.

ಕನ್ನಡನಾಡಿಗೂ ಡಕೋಟಾಗೂ ನಂಟು ಹಳೆಯದು. 1948ರ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಬಾರಿಗೆ ಡಕೋಟಾ ಇಳಿಸಿದರು. ಹತ್ತು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ, ಸಿಂಧೂ ನದಿಯ ಬದಿಯಲ್ಲಿ ಸ್ಥಳೀಯರು ಆಗಷ್ಟೇ ಹದಮಾಡಿದ್ದ ಮಣ್ಣಿನ ಪಟ್ಟಿ ಅದು. ವಿಮಾನಕ್ಕೆ ಒತ್ತಡ ಕಾಯ್ದುಕೊಳ್ಳುವ ಒಳಾಂಗಣವಿರಲಿಲ್ಲ, ಆ ದಾರಿಯಲ್ಲಿ ಮುಂಚೆ ಯಾರೂ ಹಾರಿರಲಿಲ್ಲ. ಅವರ ಪಕ್ಕ ಕೂತು ಹೋದವರು ಕೊಡಗಿನ ಕೆ. ಎಸ್. ತಿಮ್ಮಯ್ಯ, ಅಂದಿನ ಮೇಜರ್ ಜನರಲ್. ಲಡಾಖ್ ಭಾರತಕ್ಕೆ ಉಳಿದದ್ದರಲ್ಲಿ ಆ ಇಳಿದಾಣದ ಪಾಲು ದೊಡ್ಡದು.

ಬೆಂಗಳೂರಿನ ಕೆಲಸ ಇನ್ನೂ ಮೊದಲಿನದು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳು ರಿಪೇರಿಗೆ ಬರುತ್ತಿದ್ದವು, ಅವುಗಳಲ್ಲಿ ಡಕೋಟಾಗಳೂ ಇದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಇದೇ ಕಾರ್ಖಾನೆಯವರು ಹಾರುವಷ್ಟರ ಮಟ್ಟಿಗೆ ಸರಿಮಾಡಿ ಬೆಂಗಳೂರಿಗೆ ತಂದರು, ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಿದರು. 1950ರ ಜನವರಿ 26ರ ಮೊದಲ ಗಣರಾಜ್ಯೋತ್ಸವದಲ್ಲಿ ನೂರಕ್ಕೂ ಹೆಚ್ಚು ವಿಮಾನಗಳು ಹಾರಿದಾಗ ಡಕೋಟಾಗಳ ಜೊತೆ ಲಿಬರೇಟರ್‌ಗಳೂ ಇದ್ದವು. ಅಂಥ ಒಂದು ಲಿಬರೇಟರ್ ಇಂದು ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ, ಭಾರತ ಕೊಟ್ಟ ಕಾಣಿಕೆಯಾಗಿ. ಅದು ಹಾರುವುದಿಲ್ಲ.

ಪರಶುರಾಮ ಹಾರುತ್ತಾನೆ. 2019ರ ಏರೋ ಇಂಡಿಯಾಕ್ಕೆ ಯಲಹಂಕಕ್ಕೂ ಬಂದಿದ್ದ. ಮುಂದೆ ಮತ್ತೆ ಬಂದಾಗ ಮಕ್ಕಳನ್ನು ಕರೆದೊಯ್ಯಿರಿ, ಫೋನನ್ನು ಕೆಳಗಿಟ್ಟು ಆ ಹದಿನಾಲ್ಕು ಸೆಕೆಂಡು ಕಿವಿಗೊಟ್ಟು ಕೇಳಿ. ಮನೆಯಲ್ಲೋ ಬೀದಿಯಲ್ಲೋ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದರೆ, ಆ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುತ್ತಿದ್ದ ಬಗೆಯನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ಕೈಗಳ ಪೈಕಿ ಉಳಿದಿರುವವು ಈಗ ಕೆಲವೇ.