ಕಡಲಿನ ಕಾನೂನು: ನಿಮ್ಮ ಮಾತಿಗೂ 30 ದಿನ ಇದೆ!

ಜೂನ್ ಬಂತು ಅಂದ್ರೆ ನಮ್ಮ ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆಯ ಮೀನಂಗಡಿಗಳಲ್ಲಿ ಬಂಗುಡೆ, ಬೂತಾಯಿ ರೇಟು ಏರುತ್ತೆ. ಕೇಳಿದ್ರೆ ‘ಮಂಗಳೂರು ಕಡೆ ಸಮುದ್ರ ಬಂದ್ ಸರ್’ ಅನ್ನೋ ಉತ್ತರ. ನಾವು ಒಂದು ಕೆ.ಜಿ. ಬದಲು ಅರ್ಧ ಕೆ.ಜಿ. ತಗೊಂಡು ಮನೆಗೆ ಬರ್ತೀವಿ. ಆದರೆ ಸಮುದ್ರವನ್ನು ‘ಬಂದ್’ ಮಾಡೋರು ಯಾರು? ಆ ತೀರ್ಮಾನ ಹೇಗಾಗುತ್ತೆ? ಅದರಲ್ಲಿ ಮೀನು ಹಿಡಿಯೋರ ಮಾತಿಗೆ, ತಿನ್ನೋರ ಮಾತಿಗೆ ಜಾಗ ಇದೆಯಾ?

ಇದೆ. ಕಾಗದದ ಮೇಲಂತೂ ಇದೆ. ಕರಡು ನಿಯಮ ಪ್ರಕಟವಾದಾಗ ಸಾಮಾನ್ಯವಾಗಿ 30 ದಿನ ‘ಆಕ್ಷೇಪಣೆ ಮತ್ತು ಸಲಹೆ’ಗೆ ಅವಕಾಶ ಕೊಡ್ತಾರೆ. ಅದನ್ನು ಬಳಸಿಕೊಳ್ಳೋರು ಎಷ್ಟು ಜನ ಅನ್ನೋದೇ ಪ್ರಶ್ನೆ.

ಒಂದೇ ಕಡಲು, ಎರಡು ಸರ್ಕಾರ

ತೀರದಿಂದ 12 ನಾಟಿಕಲ್ ಮೈಲು, ಅಂದ್ರೆ ಸುಮಾರು 22 ಕಿ.ಮೀ.ವರೆಗೆ ಮೀನುಗಾರಿಕೆ ರಾಜ್ಯ ಸರ್ಕಾರದ ವ್ಯಾಪ್ತಿ. ಅಲ್ಲಿಂದಾಚೆ 200 ನಾಟಿಕಲ್ ಮೈಲುವರೆಗೆ ಕೇಂದ್ರದ್ದು. ಮಲ್ಪೆಯಿಂದ ಹೊರಟ ಆಳಸಮುದ್ರ ಬೋಟು ಒಂದೇ ಟ್ರಿಪ್ಪಿನಲ್ಲಿ ಎರಡೂ ಸರ್ಕಾರಗಳ ಕಾನೂನು ದಾಟಿ ಹೋಗಿರುತ್ತೆ. ಮೀನಿಗೆ ಮಾತ್ರ ಈ ಗಡಿ ಗೊತ್ತಿಲ್ಲ.

ರಾಜ್ಯದ ಭಾಗಕ್ಕೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯಿದೆ ಇದೆ. ಇದು ಸುಮ್ಮನೆ ಬಂದ ಕಾಯಿದೆ ಅಲ್ಲ. 1970ರ ದಶಕದ ಕೊನೆಯಲ್ಲಿ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಅದಕ್ಕೂ ಮೊದಲು ಹತ್ತಾರು ಜನ ಸೇರಿ ದಡದಿಂದಲೇ ಎಳೆಯುತ್ತಿದ್ದ ರಂಪಣಿ ಬಲೆ ಊರಿಗೆ ಊರನ್ನೇ ಸಾಕ್ತಿತ್ತು. ದಡಕ್ಕೆ ಬರಬೇಕಿದ್ದ ಮೀನಿನ ಹಿಂಡು ಕಡಲಲ್ಲೇ ಪರ್ಸೀನ್ ಬಲೆಗೆ ಬೀಳತೊಡಗಿದಾಗ ರಂಪಣಿಯವರಿಗೂ ಪರ್ಸೀನ್‌ನವರಿಗೂ ಜಗಳ ಶುರುವಾಯ್ತು. ಬೇರೆ ರಾಜ್ಯಗಳಲ್ಲೂ ಇಂಥದ್ದೇ ಗಲಾಟೆಗಳು. ಕೇಂದ್ರ ಒಂದು ಮಾದರಿ ಮಸೂದೆ ಕಳಿಸಿತು, ರಾಜ್ಯಗಳು ಒಂದೊಂದಾಗಿ ಕಾಯಿದೆ ಮಾಡಿಕೊಂಡವು. ಸಾಂಪ್ರದಾಯಿಕ ಮೀನುಗಾರರ ಹಿತ ಕಾಯುವುದು, ಮೀನಿನ ಸಂತತಿ ಉಳಿಸುವುದು, ಕಡಲಲ್ಲಿ ಜಗಳ ತಪ್ಪಿಸುವುದು ಇವುಗಳ ಉದ್ದೇಶ. ಅಂದ್ರೆ ಜನ ಬೀದಿಗಿಳಿದು ಹೇಳಿದ ‘ಸಲಹೆ’ಯೇ ಕೊನೆಗೆ ಕಾನೂನಾಯ್ತು. ಆದರೆ ಅಷ್ಟರಲ್ಲಿ ರಂಪಣಿಯ ಕಾಲ ಹೆಚ್ಚೂಕಮ್ಮಿ ಮುಗಿದೇ ಹೋಗಿತ್ತು.

ಯಾವ ನಿಯಮ ನಿಲ್ಲುತ್ತೆ, ಯಾವುದು ನಿಲ್ಲಲ್ಲ?

ಮಳೆಗಾಲದ ನಿಷೇಧವನ್ನೇ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಜೂನ್‌ನ ಮೊದಲ ಎರಡು ವಾರ ಎರಡೂ ಕಡೆ ಯಾಂತ್ರೀಕೃತ ಬೋಟುಗಳು ನಿಂತಿರುತ್ತವೆ. ಜೂನ್ 15ರಿಂದ ಚೆನ್ನೈ, ಆಂಧ್ರದ ಕಡೆಯ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ನಿಮ್ಮ ಅಂಗಡಿಯ ರೇಟಿನ ಹಿಂದೆ ಈ ಕ್ಯಾಲೆಂಡರ್ ಕೂಡ ಇದೆ.

ಈ ನಿಷೇಧಕ್ಕೆ ಕರಾವಳಿಯಲ್ಲಿ ದೊಡ್ಡ ವಿರೋಧ ಇಲ್ಲ. ಯಾಕೆಂದ್ರೆ ಅದು ಜನರ ರೂಢಿಗೆ ಹತ್ತಿರ ಇದೆ. ಮಳೆಗಾಲದಲ್ಲಿ ಕಡಲು ಉಕ್ಕುತ್ತೆ, ಬೂತಾಯಿಯಂಥ ಮೀನು ಮೊಟ್ಟೆ ಇಡೋ ಸಮಯವೂ ಅದೇ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ ಕಡಲಿಗೆ ಇಳಿಯೋ ಸಂಪ್ರದಾಯ ಕಾನೂನಿಗಿಂತ ಹಳೇದು. ಜೊತೆಗೆ 10 ಎಚ್‌ಪಿವರೆಗಿನ ಮೋಟರ್ ಇರೋ ನಾಡದೋಣಿಗಳಿಗೆ ವಿನಾಯಿತಿ ಇದೆ. ದಿನದ ದುಡಿಮೆ ನಂಬಿದವರ ಒಲೆ ಆರಲಿಲ್ಲ, ನಿಯಮವೂ ನಿಂತಿತು.

ಈಗ ಲೈಟ್ ಫಿಶಿಂಗ್ ತಗೊಳ್ಳಿ. ರಾತ್ರಿ ಪ್ರಖರ ಬೆಳಕು ಬಿಟ್ಟು ಮೀನನ್ನು ಸೆಳೆದು ಬಲೆ ಸುತ್ತೋದು. ಬೆಳಕಿಗೆ ದೊಡ್ಡದು, ಮರಿ ಅನ್ನೋ ಭೇದ ಇಲ್ಲ, ಎಲ್ಲವೂ ಬರ್ತವೆ. 2017ರ ನವೆಂಬರ್‌ನಲ್ಲಿ ಕೇಂದ್ರ ಇದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿತು. ಆದರೂ ವಿವಾದ ಮುಗಿದಿಲ್ಲ. ನಾಡದೋಣಿಯವರು ‘ನಮ್ಮ ಪಾಲಿನ ಮೀನು ಹೋಯ್ತು’ ಅಂತಾರೆ. ದೊಡ್ಡ ಬೋಟಿನವರು ಡೀಸೆಲ್, ಬ್ಯಾಂಕ್ ಸಾಲದ ಲೆಕ್ಕ ಮುಂದಿಡ್ತಾರೆ. ನಿಷೇಧ ಸರಿಯಾದದ್ದೇ. ಆದರೆ ಸಾಲ ಮಾಡಿ ಬೋಟು ಕಟ್ಟಿಸಿದವನು ನಾಳೆಯಿಂದ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ನಿಯಮದಲ್ಲೇ ಉತ್ತರ ಇಲ್ಲದಿದ್ರೆ, ಆ ನಿಯಮ ಕಾಯೋಕೆ ಪೊಲೀಸರೇ ಬೇಕಾಗುತ್ತೆ.

ನಾವು ಐಟಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಬಳಸೋರನ್ನು ಕೇಳದೆ ಮಾಡಿದ ಸಾಫ್ಟ್‌ವೇರ್ ರಿಲೀಸ್ ಆದ ದಿನವೇ ಜನ ಬಳಸುದಾರಿ ಹುಡುಕ್ತಾರೆ. ಕಾನೂನಿನ ಕರಡೂ ಅಷ್ಟೇ. ರಿವ್ಯೂ ಮೊದಲೇ ಆಗಬೇಕು.

ಕರಡು ಯಾರ ಕೈಗೆ ಸಿಗುತ್ತೆ?

2014ರಲ್ಲಿ ಕೇಂದ್ರ ಸರ್ಕಾರ ಒಂದು ನೀತಿ ಒಪ್ಪಿಕೊಂಡಿತು: ಯಾವುದೇ ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ಒಳ್ಳೆಯದೇ. ಆದರೆ ಕರಡು ಬರೋದು ಹೆಚ್ಚಾಗಿ ಇಂಗ್ಲಿಷ್ ಪಿಡಿಎಫ್ ಆಗಿ, ವೆಬ್‌ಸೈಟಿನ ಒಂದು ಮೂಲೆಯಲ್ಲಿ. ಆಳಸಮುದ್ರ ಬೋಟಿನ ತಾಂಡೇಲ ಒಮ್ಮೆ ಹೋದರೆ ದಡಕ್ಕೆ ಬರೋದು ವಾರ, ಹತ್ತು ದಿನದ ಮೇಲೆ. ಮೂರು ಟ್ರಿಪ್ ಮುಗಿಯೋದ್ರಲ್ಲಿ ನಿಮ್ಮ 30 ದಿನ ಹೆಚ್ಚೂಕಮ್ಮಿ ಮುಗಿದಿರುತ್ತೆ!

ಭಾಷೆಯ ವಿಷಯ ಕೋರ್ಟಿಗೂ ಹೋಗಿತ್ತು. 2020ರ ಪರಿಸರ ಪರಿಣಾಮ ಅಂದಾಜು ಕರಡಿನ ಸಂದರ್ಭದಲ್ಲಿ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಅಂತ ದಿಲ್ಲಿ ಹೈಕೋರ್ಟ್ ಹೇಳಿತು, ಗಡುವನ್ನೂ ಆಗಸ್ಟ್ 11ಕ್ಕೆ ಮುಂದೂಡಿತು. ಸ್ಥಳೀಯ ಭಾಷೆಯಲ್ಲಿ ಸರಿಯಾದ ಪ್ರಚಾರ ಆಗಿಲ್ಲ ಅನ್ನೋ ಅರ್ಜಿಯ ಮೇಲೆ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು.

ಜನ ಮಾತಾಡಿದರೆ ಸರ್ಕಾರ ಕೇಳೋದೇ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. 2021ರ ಭಾರತೀಯ ಸಾಗರ ಮೀನುಗಾರಿಕೆ ಮಸೂದೆ ಸಂಸತ್ತಿನ ಮಳೆಗಾಲದ ಅಧಿವೇಶನದ ಪಟ್ಟಿಯಲ್ಲಿತ್ತು. ಲೈಸೆನ್ಸ್, ದಂಡದ ವಿಷಯಕ್ಕೆ ಮೀನುಗಾರರ ಸಂಘಟನೆಗಳು ವಿರೋಧಿಸಿದವು. ಮಸೂದೆ ಮಂಡನೆ ಆಗಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಬೇರೆ ನಿಯಮಗಳನ್ನು ತಂದಿತು. ಯಾಂತ್ರೀಕೃತ ಮತ್ತು ದೊಡ್ಡ ಮೋಟರ್ ಬೋಟುಗಳಿಗೆ ಆನ್‌ಲೈನ್ ‘ಆಕ್ಸೆಸ್ ಪಾಸ್’ ಬೇಕು, ಆದರೆ ಅದಕ್ಕೆ ಶುಲ್ಕ ಇಲ್ಲ. ಸಾಂಪ್ರದಾಯಿಕ ದೋಣಿಗಳಿಗೆ ಪಾಸೇ ಬೇಡ.

ನಮಗೇನು ಸಂಬಂಧ?

‘ನಾವು ಬೆಂಗಳೂರಿನವರು, ತಿನ್ನೋರು ಅಷ್ಟೇ’ ಅನ್ನಬೇಡಿ. ಮರಿಮೀನಿನ ವಿಷಯದಲ್ಲಿ ಕೊಳ್ಳೋರ ಮಾತಿಗೂ ತೂಕ ಇದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಯಾವ ಮೀನು ಎಷ್ಟುದ್ದ ಆಗೋವರೆಗೆ ಹಿಡಿಯಬಾರದು ಅಂತ ಅಳತೆ ಸೂಚಿಸಿದೆ. ಕೇರಳ 2015ರಲ್ಲಿ 14 ಜಾತಿಗಳಿಗೆ ಇದನ್ನು ಕಡ್ಡಾಯ ಮಾಡಿತು, ಆಮೇಲೆ 58ಕ್ಕೆ ಏರಿಸಿತು. ಅಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕೈಲಿರೋ ಫೋನ್ ಸುಮಾರು 15–16 ಸೆಂ.ಮೀ. ಇರುತ್ತೆ. ಬಂಗುಡೆ ಅದಕ್ಕಿಂತ ತುಂಬಾ ಗಿಡ್ಡ ಇದ್ರೆ ಅದು ಇನ್ನೂ ಒಮ್ಮೆಯೂ ಮೊಟ್ಟೆ ಇಡದ ಮರಿ ಆಗಿರೋ ಸಾಧ್ಯತೆ ಹೆಚ್ಚು. ಕೊಳ್ಳಬೇಡಿ.

ಬರೆಯೋದು ಹೇಗೆ?

* ಕರ್ನಾಟಕ ರಾಜ್ಯಪತ್ರ, ರಾಜ್ಯ ಮೀನುಗಾರಿಕೆ ಇಲಾಖೆ, ಕೇಂದ್ರ ಮೀನುಗಾರಿಕೆ ಇಲಾಖೆ ವೆಬ್‌ಸೈಟುಗಳನ್ನು ತಿಂಗಳಿಗೊಮ್ಮೆ ನೋಡಿ. ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ.
* ‘ನಾನು ವಿರೋಧಿಸುತ್ತೇನೆ’ ಅಂತ ಮಾತ್ರ ಬರೆದರೆ ಪ್ರಯೋಜನ ಕಡಿಮೆ. ಯಾವ ನಿಯಮ, ಏನು ತೊಂದರೆ, ಬದಲಿಗೆ ಯಾವ ಪದ ಇರಬೇಕು: ಈ ಮೂರನ್ನೂ ಹೇಳಿ.
* ಕನ್ನಡದಲ್ಲೇ ಬರೆಯಿರಿ. ರಾಜ್ಯದ ಆಡಳಿತ ಭಾಷೆ ಅದೇ.
* ಹೆಸರು, ವಿಳಾಸ, ದಿನಾಂಕ ಹಾಕಿ ಕಳಿಸಿ. ಪ್ರತಿ ಇಟ್ಟುಕೊಳ್ಳಿ.
* ಸಲಹೆ ಏನಾಯ್ತು ಅಂತ ಗೊತ್ತಾಗದಿದ್ರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಆಫೀಸಲ್ಲಿ ಪಕ್ಕದಲ್ಲಿ ಕೂರೋರು ಕುಂದಾಪುರದವರೋ, ಕಾರವಾರದವರೋ ಆಗಿರಬಹುದು. ಕರಡು ಬಂದ ದಿನ ಇಬ್ಬರೂ ಕೂತು ಅದರ ಸಾರವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಅವರೂರಿನ ಮೀನುಗಾರರ ಸಹಕಾರ ಸಂಘಕ್ಕೆ ವಾಟ್ಸಾಪ್ ಮಾಡಿ. ಅವರು ಹೇಳಿದ್ದನ್ನು ಅವರ ಹೆಸರಲ್ಲೇ ಟೈಪ್ ಮಾಡಿ ಕಳಿಸಿಕೊಡಿ. ಕಡಲಿನ ಅನುಭವ ಅವರದ್ದು, ಪಿಡಿಎಫ್ ಓದೋ ಅಭ್ಯಾಸ ನಮ್ಮದು. ಎರಡೂ ಸೇರೋಕೆ ಒಂದು ಭಾನುವಾರ ಸಾಕು.